ಜಾನ್ ಮ್ಯೂರ್ ಟ್ರೇಲ್: ಯಾವ ಟೆಂಟು, ಯಾವ ದಾರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಿನ ಬೆನ್ನ ಮೇಲೆ ಸಾಗುವ ಕಾಲುದಾರಿ ಜಾನ್ ಮ್ಯೂರ್ ಟ್ರೇಲ್. ಈ ಬೆಟ್ಟಗಳ ಬಗ್ಗೆ ಬರೆದ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಅವರ ಹೆಸರು ಇದಕ್ಕೆ. ನಾನು ಇದನ್ನು ಎರಡು ಸಲ ನಡೆದಿದ್ದೇನೆ. ಒಮ್ಮೆ ಜುಲೈನಲ್ಲಿ, ಒಮ್ಮೆ ಸೆಪ್ಟೆಂಬರಿನಲ್ಲಿ. ಅಂದಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡ ಸ್ನೇಹಿತರು ಊಟಕ್ಕೆ ಕೂತಾಗ, ಊರಿನ ನೆಂಟರು ಫೋನ್ ಮಾಡಿದಾಗ, ಗುರುತಿಲ್ಲದವರು ಪತ್ರ ಬರೆದಾಗ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಕೇಳುವವು

ಒಟ್ಟು ಎಷ್ಟು ದೂರ ಸಾರ್? ನಮ್ಮಂಥವರ ಕೈಲಿ ಆಗತ್ತಾ?

ಯೊಸೆಮಿಟಿ ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಮೌಂಟ್ ವಿಟ್ನಿ ತುದಿಯವರೆಗೆ ಸುಮಾರು 340 ಕಿ.ಮೀ. ತುದಿ ಮುಟ್ಟಿದ ಮೇಲೆ ರಸ್ತೆ ಸಿಗುವ ವಿಟ್ನಿ ಪೋರ್ಟಲ್‌ಗೆ ಇಳಿಯಲು ಇನ್ನೂ 17-18 ಕಿ.ಮೀ. ಇದೆ. ಇದನ್ನು ಲೆಕ್ಕಕ್ಕೆ ಹಿಡಿಯಲು ಎಲ್ಲರೂ ಮರೆಯುತ್ತಾರೆ. ದಿನಕ್ಕೆ 15ರಿಂದ 20 ಕಿ.ಮೀ. ನಡೆದರೆ ಮೂರು ವಾರ ಬೇಕು.

ದಾರಿ ಚೆನ್ನಾಗಿದೆ. ಹಗ್ಗ ಹಿಡಿದು ಹತ್ತುವ ಜಾಗ ಎಲ್ಲೂ ಇಲ್ಲ. ಕಷ್ಟ ಇರುವುದು ದೂರದಲ್ಲಲ್ಲ, ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿ ಅದಕ್ಕಿಂತ ಕೆಳಗೆ ಮಲಗುವ ರಾತ್ರಿಗಳೇ ಕಡಿಮೆ. ವಿಟ್ನಿ 4,421 ಮೀಟರ್. ಮೊದಲ ಮೂರು ದಿನ ನಿಧಾನವಾಗಿ ನಡೆದರೆ, ಮಂಡಿ ಗಟ್ಟಿ ಇದ್ದರೆ, ಐವತ್ತು ದಾಟಿದವರೂ ಆರಾಮಾಗಿ ಮುಗಿಸುತ್ತಾರೆ.

ದಾರೀಲಿ ಛತ್ರ, ಲಾಡ್ಜ್ ಏನಾದ್ರೂ ಇರತ್ತಾ? ಟೆಂಟು ಹೊರಲೇಬೇಕಾ?

ಹೊರಲೇಬೇಕು. ರೆಡ್ಸ್ ಮೆಡೋ, ವರ್ಮಿಲಿಯನ್ ವ್ಯಾಲಿ ರೆಸಾರ್ಟ್, ಮ್ಯೂರ್ ಟ್ರೇಲ್ ರಾಂಚ್ ಅಂತ ಮೂರು ತಂಗುದಾಣಗಳಿವೆ. ಮೂರೂ ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಇವೆ. ಮೂರೂ ಮೊದಲ ಅರ್ಧದಲ್ಲೇ ಮುಗಿದುಹೋಗುತ್ತವೆ. ಆಮೇಲೆ ಬರೀ ಬೆಟ್ಟ.

ಈ ದಾರಿಯ ಫೋಟೋಗಳಲ್ಲಿ ಕಾಣುವ ಕಲ್ಲಿನ ಗುಡಿಸಲು ಮ್ಯೂರ್ ಪಾಸ್ ಮೇಲಿದೆ. ಪಾಸ್ ಅಂದರೆ ಬೆಟ್ಟಸಾಲನ್ನು ಹತ್ತಿ ದಾಟುವ ಜಾಗ. 1930ರಲ್ಲಿ ಸಿಯೆರಾ ಕ್ಲಬ್ ಅನ್ನುವ ಪರಿಸರ ಸಂಸ್ಥೆ ಕಟ್ಟಿಸಿದ್ದು. ಹುತ್ತದ ಹಾಗೆ ದುಂಡಗೆ, ಒಂದೇ ಕೋಣೆ. ಬಿರುಗಾಳಿಗೆ ಸಿಕ್ಕವರು ನಿಲ್ಲಲಿ ಅಂತ ಇರುವುದು, ರಾತ್ರಿ ತಂಗಲು ಬಿಡುವುದಿಲ್ಲ. ‘ಒಂದು ರಾತ್ರಿ ಅಲ್ಲೇ ಮಲಗ್ತೀವಿ’ ಅಂತ ಪ್ಲಾನ್ ಹಾಕಬೇಡಿ.

ಕುಮಾರಪರ್ವತಕ್ಕೆ ಒಯ್ದಿದ್ದ ಟೆಂಟು ಅಟ್ಟದ ಮೇಲಿದೆ. ಅದೇ ಸಾಕಲ್ವಾ?

ವಾರಾಂತ್ಯಕ್ಕೆ ಸಾಕು. ಆದರೆ ಆ ಟೆಂಟು ಮೂರು ಕೆಜಿ ಇದ್ದರೆ, ಇಪ್ಪತ್ತು ದಿನ ಹೊತ್ತ ಮೇಲೆ ನೀವೇ ಅದನ್ನು ಬಯ್ಯುತ್ತೀರಿ.

ತೂಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಲೆನಾಡಿನ ಮಳೆ ಬೇರೆ, ಇಲ್ಲಿಯ ಹವೆ ಬೇರೆ. ನಮ್ಮಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆದರೆ ರಾತ್ರಿ ಅಷ್ಟು ಚಳಿ ಇರುವುದಿಲ್ಲ. ಸಿಯೆರಾದಲ್ಲಿ ಬೇಸಿಗೆ ಹೆಚ್ಚಾಗಿ ಒಣ ಹವೆ. ಜುಲೈ, ಆಗಸ್ಟ್‌ನಲ್ಲಿ ಕೆಲವು ದಿನ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಆಲಿಕಲ್ಲು ಬರುತ್ತದೆ. ಸಂಜೆಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹಾಗಾಗಿ ಇಲ್ಲಿ ಟೆಂಟು ತಡೆಯಬೇಕಾದ್ದು ಮೂರನ್ನು: ಗಾಳಿ, ಸೊಳ್ಳೆ, ಒಂದೆರಡು ಗಂಟೆಯ ಜೋರು ಮಳೆ. ಜಿಗಣೆ ಇಲ್ಲ, ಅದೊಂದು ಪುಣ್ಯ.

ಎಲ್ಲರೂ ‘ಬೇಸ್ ವೇಯ್ಟ್’ ಅಂತಾರಲ್ಲ, ಏನದು?

ಊಟ, ನೀರು, ಒಲೆಯ ಗ್ಯಾಸು ಬಿಟ್ಟು ಚೀಲದಲ್ಲಿ ಉಳಿದದ್ದರ ತೂಕ. ಅದು ನಾಲ್ಕೂವರೆ ಕೆಜಿಯ ಒಳಗಿದ್ದರೆ ‘ಅಲ್ಟ್ರಾಲೈಟ್’ ಅಂತಾರೆ. ನನ್ನದು ಆರೂವರೆ. ಯಾರೂ ಬಹುಮಾನ ಕೊಡುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

## ಟೆಂಟಿನ ವಿಷಯ

ಅರ್ಧ ಕೆಜಿ ಟೆಂಟು ಇದೆಯಂತೆ. ಬೆಲೆ ಕೇಳಿ ಎದೆ ಧಸಕ್ ಅಂತು. ಅಷ್ಟು ಕೊಡಬೇಕಾ?

ಟೆಂಟು ಯಾವುದು ಅಂತ ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: ಯಾವ ತಿಂಗಳು ಹೋಗ್ತೀರಿ? ಎಲ್ಲಿ ಮಲಗ್ತೀರಿ? ಈ ಎರಡಕ್ಕೆ ಉತ್ತರ ಸಿಗುವವರೆಗೆ ಗ್ರಾಮು ಎಣಿಸುವುದು ಸುಮ್ನೆ. ಕಾಡಿನ ಮರೆಯಲ್ಲಿ ಮಲಗುವವನಿಗೆ ಎಂಥ ಟೆಂಟಾದರೂ ನಡೆಯುತ್ತದೆ. ಬೋಳು ಕಲ್ಲಿನ ಮೇಲೆ, ಕೆರೆ ದಂಡೆಯಲ್ಲಿ ಮಲಗುವವನಿಗೆ ಸಾವಿರ ಡಾಲರಿನದೂ ಸಾಲುವುದಿಲ್ಲ.

ಈಗ ಬಟ್ಟೆಯ ಮಾತು. ದುಬಾರಿ ಟೆಂಟುಗಳು ಡೈನೀಮಾ ಅನ್ನುವ ಹಾಳೆಯಂಥ ವಸ್ತುವಿನವು. ನೀರು ಕುಡಿಯುವುದಿಲ್ಲ, ನೆನೆದರೆ ಜೋಲು ಬೀಳುವುದಿಲ್ಲ, ತೂಕ ಬಹಳ ಕಡಿಮೆ. ಆದರೆ ಚೂಪು ಕಲ್ಲು ತಾಗಿದರೆ ತೂತು ಬೀಳುತ್ತದೆ, ಮಡಚಿದರೆ ಜಾಸ್ತಿ ಜಾಗ ತಿನ್ನುತ್ತದೆ. ಸಿಲಿಕಾನ್ ಬಳಿದ ನೈಲಾನ್ ಗಟ್ಟಿ, ಅಗ್ಗ. ಆದರೆ ನೆನೆದಾಗ ಹಿಗ್ಗುತ್ತದೆ. ಮಲಗುವ ಮೊದಲು ಬಿಗಿಯಾಗಿದ್ದದ್ದು ನಡುರಾತ್ರಿಗೆ ಮುಖದ ಮೇಲೆ ಬಂದಿರುತ್ತದೆ. ಎದ್ದು ಹಗ್ಗ ಎಳೆಯಬೇಕು. ಸಿಲಿಕಾನ್ ಬಳಿದ ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಒಬ್ಬರದು ಸುಮಾರು 800 ಗ್ರಾಮಿಗೆ ಸಿಗುತ್ತದೆ, ಬೆಲೆ ಡೈನೀಮಾದ ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಉಳಿದ ದುಡ್ಡನ್ನು ಒಳ್ಳೆ ಕ್ವಿಲ್ಟಿಗೆ, ಅಂದರೆ ಬಾತುಕೋಳಿ ಪುಕ್ಕದ ಹೊದಿಕೆಗೆ ಹಾಕಿ. ಚಳಿ ತಡೆಯುವುದು ಅದು, ಟೆಂಟಲ್ಲ.

ವಾಕಿಂಗ್ ಕೋಲಿನ ಮೇಲೆ ನಿಲ್ಲೋ ಟೆಂಟು ಗಾಳಿಗೆ ಹಾರಿಹೋಗಲ್ವಾ?

ಕೋಲಿನಿಂದ ಹಾರುವುದಿಲ್ಲ, ಗೂಟದಿಂದ ಹಾರುತ್ತದೆ. ಹಗುರ ಟೆಂಟುಗಳಿಗೆ ತಮ್ಮದೇ ಬೆನ್ನೆಲುಬು ಇರುವುದಿಲ್ಲ. ಒಂದು ಗೂಟ ಕಿತ್ತರೆ ಇಡೀ ಮನೆ ಮಲಗುತ್ತದೆ. ಸಿಯೆರಾದ ನೆಲ ಒಂದೋ ಗ್ರಾನೈಟ್ ಬಂಡೆ, ಇಲ್ಲವೇ ಅದೇ ಬಂಡೆ ಪುಡಿಯಾದ ಮರಳು. ಬಂಡೆಗೆ ಗೂಟ ಇಳಿಯುವುದಿಲ್ಲ. ಮರಳಿಗೆ ಇಳಿಯುತ್ತದೆ, ನಿಲ್ಲುವುದಿಲ್ಲ.

ಮೊದಲ ಸಲ ಹೋದಾಗ ನಾನು ಮಾಡಿದ ಎಡವಟ್ಟು ಕೇಳಿ. ಥೌಸಂಡ್ ಐಲ್ಯಾಂಡ್ ಕೆರೆ ಹತ್ತಿರ, ಬ್ಯಾನರ್ ಶಿಖರ ಎದುರಿಗೆ ಕಾಣುವ ಹಾಗೆ, ಮರಳಿನಲ್ಲಿ ಆರು ಗೂಟ ಚುಚ್ಚಿ ಮಲಗಿದೆ. ಫೋಟೋ ಬಹಳ ಚೆನ್ನಾಗಿ ಬಂತು. ರಾತ್ರಿ ಒಂದು ಗಂಟೆಗೆ ಗಾಳಿ ಎದ್ದಿತು. ಮೊದಲು ತಲೆ ಕಡೆಯ ಗೂಟ ಕಿತ್ತಿತು. ಆಮೇಲೆ ಕೋಲು ಬಿತ್ತು. ಬೆಳಗಿನವರೆಗೆ ಟೆಂಟನ್ನೇ ಕಂಬಳಿ ಥರ ಹೊದ್ದು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಬೆಳಿಗ್ಗೆ ಬಂದು ಕಲ್ಲು ಕಟ್ಟುವುದು ಹೇಗೆ ಅಂತ ತೋರಿಸಿಕೊಟ್ಟರು.

ಅದು ಹೀಗೆ: ಹಗ್ಗದ ಕುಣಿಕೆಗೆ ಒಂದು ಕಡ್ಡಿ ಅಥವಾ ಗೂಟವನ್ನೇ ಅಡ್ಡ ಸಿಕ್ಕಿಸಿ. ಅದರ ಮುಂದೆ, ಟೆಂಟಿನ ಕಡೆಗೆ, ತೆಂಗಿನಕಾಯಿ ಗಾತ್ರದ ಕಲ್ಲು ಇಡಿ. ಕಲ್ಲು ಇಡೀ ಭಾರ ಹೊರುತ್ತದೆ. ಇದಕ್ಕಾಗಿ ಪ್ರತಿ ಮೂಲೆಗೂ ಒಂದು ಮೀಟರ್ ಹಗ್ಗ ಹೆಚ್ಚಿಗೆ ಕಟ್ಟಿಕೊಂಡು ಹೋಗಿ. ತೂಕ ಲೆಕ್ಕಕ್ಕೇ ಬರುವುದಿಲ್ಲ. ಬೆಳಿಗ್ಗೆ ಕಲ್ಲುಗಳನ್ನು ಎತ್ತಿದ ಜಾಗದಲ್ಲೇ ಇಟ್ಟು ಬನ್ನಿ. ಟೆಂಟಿನ ತಗ್ಗು ಬದಿ ಗಾಳಿ ಬರುವ ಕಡೆಗಿರಲಿ, ಬಾಗಿಲು ಅದರ ಆಚೆಗಿರಲಿ.

ಕಲ್ಲು ಹುಡುಕುವ ತಾಳ್ಮೆ ಇಲ್ಲ ಅನ್ನುವವರು ತಾನಾಗಿ ನಿಲ್ಲುವ, ಬಳುಕುವ ಕಂಬಿಗಳ ಟೆಂಟನ್ನೇ ತರಲಿ. ಅರ್ಧ ಕೆಜಿ ಜಾಸ್ತಿ. ಅವಮಾನ ಏನಿಲ್ಲ.

ಟೆಂಟೇ ಬೇಡ, ಟಾರ್ಪಾಲ್ ಒಂದು ಸಾಕು ಅಂದ್ರು ನಮ್ಮ ಭಾವ. ನಿಜಾನಾ?

ಭಾವ ಸೆಪ್ಟೆಂಬರಿನಲ್ಲಿ ಹೋಗಿದ್ದರೆ ನಿಜ. ಜುಲೈನಲ್ಲಿ ಹೋಗಿದ್ದರೆ ಅವರ ಮುಖ ಸೊಳ್ಳೆ ಕಚ್ಚಿ ಊದಿರಬೇಕಿತ್ತು. ಹಿಮ ಕರಗಿ ಹುಲ್ಲುಗಾವಲೆಲ್ಲ ನೆನೆದಿರುವ ಜುಲೈನಲ್ಲಿ ಇಲ್ಲಿಯ ಸೊಳ್ಳೆ ನಮ್ಮ ಗದ್ದೆ ಬಯಲಿನ ಸೊಳ್ಳೆಗೆ ಏನೂ ಕಡಿಮೆಯಿಲ್ಲ. ಆಗ ಬಲೆ ಬೇಕೇ ಬೇಕು. ಆಗಸ್ಟ್ ಕೊನೆಗೆ ಸೊಳ್ಳೆ ಬಹುಮಟ್ಟಿಗೆ ಮಾಯವಾಗುತ್ತದೆ. ಎರಡನೇ ಸಲ ನಾನು ಒಯ್ದದ್ದು 400 ಗ್ರಾಮಿನ ಟಾರ್ಪ್ ಮಾತ್ರ. ಅದರಲ್ಲೂ ಅರ್ಧಕ್ಕರ್ಧ ರಾತ್ರಿ ಅದನ್ನು ಬಿಚ್ಚಲೇ ಇಲ್ಲ. ನಮ್ಮೂರಲ್ಲಿ ಬೇಸಿಗೆಗೆ ತಾರಸಿ ಮೇಲೆ ಮಲಗುತ್ತೇವಲ್ಲ, ಹಾಗೇ.

ಇದೇನೂ ಹೊಸದಲ್ಲ. 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿ ಅಮೆರಿಕದ ಪೂರ್ವದ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ಒಂದು ಬಟ್ಟೆ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆದರೆ ಆ ದಾರಿಯಲ್ಲಿ ಮರಗಳಿವೆ, ಅಲ್ಲಲ್ಲಿ ಮರದ ತಂಗುಮನೆಗಳಿವೆ, ಹತ್ತಿರ ಊರುಗಳಿವೆ. 3,500 ಮೀಟರ್ ಎತ್ತರದ ಬೋಳು ಕಲ್ಲಿನ ಮೇಲೆ ಅದೇ ಪರದೆ ಒಯ್ಯಿರಿ ಅಂತ ನಾನು ಹೇಳಲಾರೆ.

ಬೆಳಿಗ್ಗೆ ಎದ್ರೆ ಟೆಂಟಿನ ಒಳಗೆಲ್ಲ ನೀರು. ಮಳೆನೇ ಬಂದಿಲ್ಲ. ಟೆಂಟು ಸೋರ್ತಿದೆಯಾ?

ಸೋರುತ್ತಿಲ್ಲ. ಅದು ನಿಮ್ಮ ಉಸಿರು, ಜೊತೆಗೆ ಕೆರೆಯ ತೇವ. ರಾತ್ರಿ ತೆರೆದ ಆಕಾಶದ ಕೆಳಗೆ ಟೆಂಟಿನ ಬಟ್ಟೆ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಒಳಗಿನ ತೇವ ಅದಕ್ಕೆ ತಾಗಿ ಹನಿಯಾಗುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಹಾಗೆ. ಒಂದೇ ಪದರದ ಹಗುರ ಟೆಂಟಿನಲ್ಲಿ ಆ ಹನಿ ನೇರ ನಿಮ್ಮ ಹೊದಿಕೆಗೆ ಬೀಳುತ್ತದೆ. ಎರಡು ಪದರದ ಟೆಂಟಿನಲ್ಲಿ ಒಳಗಿನ ಬಲೆ ಸ್ವಲ್ಪ ತಡೆಯುತ್ತದೆ.

ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಜಾಗದಲ್ಲಿದೆ. ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೆರೆ ದಂಡೆ, ಹುಲ್ಲುಗಾವಲು, ಕಣಿವೆಯ ತಳ, ಇವೇ ಆ ತಗ್ಗು. ಅಲ್ಲಿಂದ ಇಪ್ಪತ್ತು ಮೂವತ್ತು ಮೀಟರ್ ಮೇಲೆ ಹತ್ತಿ, ಪೈನ್ ಮರದ ಕೊಂಬೆ ಚಾಚಿದ ಕಡೆ ಮಲಗಿ. ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ. ಮೇಲೆ ನೋಡಿ, ಒಣಗಿದ ಕೊಂಬೆ ತೂಗುತ್ತಿದ್ದರೆ ಜಾಗ ಬದಲಿಸಿ. ಹೇಗೂ ನೀರಿನಿಂದ 30 ಮೀಟರ್ ದೂರ ಮಲಗಬೇಕು ಅನ್ನುವುದು ಇಲ್ಲಿಯ ನಿಯಮ. ಹುಲ್ಲಿನ ಮೇಲೆ ಟೆಂಟು ಹಾಕುವಂತಿಲ್ಲ. ಆ ನಿಯಮ ಪಾಲಿಸಿದರೆ ಅರ್ಧ ಸಮಸ್ಯೆ ತಾನೇ ಹೋಗುತ್ತದೆ.

ಒದ್ದೆ ಟೆಂಟನ್ನು ಮಧ್ಯಾಹ್ನ ಊಟಕ್ಕೆ ಕೂತಾಗ ಬಂಡೆ ಮೇಲೆ ಹರಡಿ. ಹತ್ತು ನಿಮಿಷಕ್ಕೆ ಹಪ್ಪಳ.

ಅಮ್ಮ ಕಳಿಸಿದ ಚಟ್ನಿಪುಡಿ ಟೆಂಟಲ್ಲಿ ಇಟ್ಕೋಬಹುದಾ?

ಬೇಡವೇ ಬೇಡ! ಕರಡಿಗೆ ಚಟ್ನಿಪುಡಿಯೂ ಒಂದೇ, ಚಾಕಲೇಟೂ ಒಂದೇ. ವಾಸನೆ ಇರುವುದೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ ‘ಬೇರ್ ಕ್ಯಾನಿಸ್ಟರ್’ ಡಬ್ಬಿಯೊಳಗೆ ಹೋಗಬೇಕು. ಟೂತ್‌ಪೇಸ್ಟು, ಸೋಪು, ಅಮೃತಾಂಜನ ಕೂಡ. ರಾತ್ರಿ ಡಬ್ಬಿಯನ್ನು ಟೆಂಟಿನಿಂದ ಮೂವತ್ತು ಹೆಜ್ಜೆ ಆಚೆ ನೆಲದ ಮೇಲೆ ಇಡಿ. ನೀರಿನ ಪಕ್ಕದಲ್ಲೋ ಇಳಿಜಾರಿನಲ್ಲೋ ಇಡಬೇಡಿ, ಕರಡಿ ಉರುಳಿಸಿಬಿಡುತ್ತದೆ. ದಾರಿಯ ದೊಡ್ಡ ಭಾಗದಲ್ಲಿ ಇದು ಕಡ್ಡಾಯ. ಎಲ್ಲರೂ ಒಯ್ಯುವ ಹನ್ನೊಂದೂವರೆ ಲೀಟರಿನ ಡಬ್ಬಿ ಖಾಲಿ ಇದ್ದಾಗಲೇ 1.1 ಕೆಜಿಗಿಂತ ಹೆಚ್ಚು. ಟೆಂಟಿನಲ್ಲಿ ಉಳಿಸಿದ್ದನ್ನು ಇದು ತಿಂದುಹಾಕುತ್ತದೆ.

## ದಾರಿಯ ವಿಷಯ

ಉತ್ತರದಿಂದ ಹೊರಡೋದು ಒಳ್ಳೇದಾ, ದಕ್ಷಿಣದಿಂದನಾ?

ಉತ್ತರದಿಂದ. ಎತ್ತರ ನಿಧಾನವಾಗಿ ಏರುತ್ತದೆ. ಮೊದಲ ಅರ್ಧದಲ್ಲಿ ತಂಗುದಾಣಗಳಿವೆ, ಬೇಡದ ಸಾಮಾನನ್ನು ಅಲ್ಲಿಂದ ವಾಪಸ್ ಕಳಿಸಬಹುದು. ಕೊನೆಗೆ ವಿಟ್ನಿ ಬರುತ್ತದೆ.

ಆದರೆ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರಲ್ಲ, ಅದೇ ತೊಂದರೆ. ಯೊಸೆಮಿಟಿಯಿಂದ ಡಾನಹ್ಯೂ ಪಾಸ್ ದಾಟಿ ಹೋಗಲು ದಿನಕ್ಕೆ 45 ಜನರಿಗೆ ಮಾತ್ರ ಪರ್ಮಿಟ್. ಅದಕ್ಕೆ 24 ವಾರ ಮೊದಲೇ ಲಾಟರಿ. ಸಿಗದಿದ್ದರೆ ದಕ್ಷಿಣದಿಂದ ಹೊರಡಿ. ಆಗಲೂ ವಿಟ್ನಿ ಪೋರ್ಟಲ್ ಬಾಗಿಲಿಗೆ ಹೋಗಬೇಡಿ, ಅಲ್ಲಿ ಇನ್ನೂ ನೂಕುನುಗ್ಗಲು. ಹಾರ್ಸ್‌ಶೂ ಮೆಡೋದಿಂದ ಕಾಟನ್‌ವುಡ್ ಪಾಸ್ ಮೇಲೆ ಬನ್ನಿ. ಎರಡು ದಿನ ಜಾಸ್ತಿ ನಡೆಯಬೇಕು. ಆದರೆ ಪರ್ಮಿಟ್ ಸಿಗುವುದು ಸುಲಭ, ದೇಹವೂ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವರ್ಷದ್ದನ್ನು ನೋಡಿಕೊಳ್ಳಿ.

ಮೂರು ವಾರ ರಜ ಯಾರು ಕೊಡ್ತಾರ್ರೀ? ತುಂಡು ತುಂಡಾಗಿ ನಡೀಬಹುದಲ್ಲ?

ಧಾರಾಳವಾಗಿ ನಡೆಯಬಹುದು ನೋಡ್ರಿ. ನಾಲ್ಕು ದಿನ ಸಿಕ್ಕರೆ ಟುವಾಲಮಿ ಮೆಡೋಸ್‌ನಿಂದ ರೆಡ್ಸ್ ಮೆಡೋ. ಒಂದು ವಾರ ಸಿಕ್ಕರೆ ಪೂರ್ವದ ಆನಿಯನ್ ವ್ಯಾಲಿಯಿಂದ ಕಿಯರ್‌ಸಾರ್ಜ್ ಪಾಸ್ ಏರಿ, ಫಾರೆಸ್ಟರ್ ಪಾಸ್ ದಾಟಿ ವಿಟ್ನಿ. ನನ್ನನ್ನು ಕೇಳಿದರೆ ಇಡೀ ದಾರಿಯ ತಿರುಳು ದಕ್ಷಿಣದ ಅರ್ಧದಲ್ಲಿದೆ.

ಥೌಸಂಡ್ ಐಲ್ಯಾಂಡ್ ಕೆರೆ ಹತ್ರ ದಾರಿ ಎರಡಾಗತ್ತೆ. ಯಾವ ಕಡೆ ಹೋಗ್ಲಿ?

ಉತ್ತರದಿಂದ ಬರುವವರು ಎಡಕ್ಕೆ ಹೋದರೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್, ಅಂದರೆ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಉದ್ದ ಕಾಲುದಾರಿ. ಏರಿಳಿತ ಕಡಿಮೆ, ಬೆಟ್ಟದ ಬದಿಯಲ್ಲಿ ಬಯಲು ದಾರಿ, ರಿಟರ್ ಮತ್ತು ಬ್ಯಾನರ್ ಶಿಖರಗಳು ಕಣಿವೆಯಾಚೆ ಪೂರ್ತಿ ಕಾಣುತ್ತವೆ. ಜಾನ್ ಮ್ಯೂರ್ ದಾರಿ ಗಾರ್ನೆಟ್, ಶ್ಯಾಡೋ, ರೋಸಲಿ ಕೆರೆಗಳನ್ನು ಒಂದೊಂದಾಗಿ ಮುಟ್ಟುತ್ತಾ ಏರಿ ಇಳಿದು ಏರಿ ಇಳಿದು ಸುಸ್ತು ಮಾಡುತ್ತದೆ. ಸಂಜೆ ಹತ್ತಿರವಾಗಿದ್ದರೆ ಕೆರೆಗಳ ದಾರಿಯೇ ಸರಿ, ಮರದ ಮರೆಯಲ್ಲಿ ಸಮತಟ್ಟು ಜಾಗ ಸಿಗುತ್ತದೆ. ಇನ್ನೊಂದು ದಾರಿಯಲ್ಲಿ ಇಳಿಜಾರೇ ಜಾಸ್ತಿ. ಅಂದಹಾಗೆ ಥೌಸಂಡ್ ಐಲ್ಯಾಂಡ್ ಕೆರೆಯ ನೀರು ಹೊರಹರಿಯುವ ಜಾಗದ ಸುತ್ತ ಕಾಲು ಮೈಲಿ ಟೆಂಟು ಹಾಕುವಂತಿಲ್ಲ.

## ಒಂದೆರಡು ಸಲ ನಡೆದವರು ಕೇಳುವವು

ಮ್ಯೂರ್ ಟ್ರೇಲ್ ರಾಂಚ್ ಆದ್ಮೇಲೆ ಊಟ ಡಬ್ಬೀಲಿ ಹಿಡಿಯಲ್ವಲ್ಲ, ಏನು ಮಾಡೋದು?

ಅಲ್ಲಿಂದ ವಿಟ್ನಿ ಪೋರ್ಟಲ್‌ಗೆ ಸುಮಾರು 175 ಕಿ.ಮೀ. ಒಂಬತ್ತು ಹತ್ತು ದಿನದ ಊಟ ಬೇಕು. ಡಬ್ಬಿಯಲ್ಲಿ ಹಿಡಿಯುವುದು ಏಳು ದಿನದ್ದು. ಅವಲಕ್ಕಿಯನ್ನು ಪುಡಿ ಮಾಡಿ ತುಂಬಿದರೆ ಎಂಟು ದಿನ ಎಳೆಯಬಹುದು, ನಾನು ಎಳೆದಿದ್ದೇನೆ. ವೇಗ ಹೆಚ್ಚಿಸಿ, ಇಲ್ಲವೇ ಕಿಯರ್‌ಸಾರ್ಜ್ ಪಾಸ್ ಮೇಲೆ ಆನಿಯನ್ ವ್ಯಾಲಿಗೆ ಇಳಿದು ಊಟ ತುಂಬಿಸಿಕೊಂಡು ಬನ್ನಿ. ಹೋಗಲು ಸುಮಾರು 12 ಕಿ.ಮೀ., ಬರಲು ಅಷ್ಟೇ. ಊರಲ್ಲಿ ಒಂದು ಸ್ನಾನವೂ ಆಗುತ್ತದೆ.

ಪಾಸ್‌ಗಳನ್ನು ದಿನಕ್ಕೆ ಎಷ್ಟು ದಾಟೋದು? ರಾತ್ರಿ ಎಲ್ಲಿ ನಿಲ್ಲೋದು?

ಮ್ಯೂರ್, ಮಾಥರ್, ಪಿಂಚಾಟ್, ಗ್ಲೆನ್, ಫಾರೆಸ್ಟರ್. ದಕ್ಷಿಣದ ಈ ಐದೂ 3,600 ಮೀಟರಿಗಿಂತ ಎತ್ತರ. ದಿನಕ್ಕೊಂದು ಸಾಕು. ಹಿಂದಿನ ಸಂಜೆ ಮರಗಳು ಮುಗಿಯುವ ಗಡಿಯಲ್ಲಿ ನಿಲ್ಲಿ. ಬೆಳಿಗ್ಗೆ ಹತ್ತು ಹನ್ನೊಂದರೊಳಗೆ ಪಾಸ್ ದಾಟಿ. ಮಧ್ಯಾಹ್ನದ ಸಿಡಿಲಿಗೆ ಮೊದಲು ಆಚೆ ಬದಿಯ ಮರಗಳಿಗೆ ಇಳಿದಿರಬೇಕು.

ಫಾರೆಸ್ಟರ್ 4,009 ಮೀಟರ್, ಇಡೀ ಪೆಸಿಫಿಕ್ ಕ್ರೆಸ್ಟ್ ಟ್ರೇಲಿನ ಅತಿ ಎತ್ತರದ ಜಾಗ. ಈಚೆಯ ವಿಡೆಟ್ ಮೆಡೋದಿಂದ ಆಚೆಯ ಟಿಂಡಾಲ್ ಕ್ರೀಕ್‌ಗೆ ಸುಮಾರು 20 ಕಿ.ಮೀ. ಅದನ್ನು ಒಂದೇ ದಿನದಲ್ಲಿ ಮಾಡಿ. ಮ್ಯೂರ್ ಪಾಸ್ ಇದಕ್ಕಿಂತ ತಗ್ಗು, ಆದರೆ ಬೋಳು ದಾರಿ ಉದ್ದ. ಎರಡು ಬದಿಗೂ ಕೆರೆಗಳಿವೆ, ಮರ ಮಾತ್ರ ಒಂದೂ ಇಲ್ಲ. ಆ ಕೆರೆಗಳಿಗೆ ಮ್ಯೂರ್ ಅವರ ಹೆಣ್ಣುಮಕ್ಕಳಾದ ವಾಂಡಾ, ಹೆಲೆನ್ ಹೆಸರಿಟ್ಟಿದ್ದಾರೆ. ಹಗುರ ಟಾರ್ಪ್ ಒಯ್ದವರು ಆ ಕೆರೆಗಳ ಬಳಿ ಮಲಗುವ ಆಸೆ ಬಿಡಬೇಕು. ಟೆಂಟಿನಲ್ಲಿ ಉಳಿಸಿದ ತೂಕಕ್ಕೆ ಇಲ್ಲಿ ಹೀಗೆ ಬೆಲೆ ಕಟ್ಟುತ್ತೀರಿ: ಮಲಗುವ ಜಾಗಗಳು ಕಡಿಮೆಯಾಗುತ್ತವೆ, ದಿನದ ನಡಿಗೆ ಅದಕ್ಕೆ ತಕ್ಕಂತೆ ಉದ್ದವೋ ಗಿಡ್ಡವೋ ಆಗುತ್ತದೆ.

ಕಾಡ್ಗಿಚ್ಚಿನ ಹೊಗೆ ಬಂದ್ರೆ?

ಹೊರಗೆ ಬನ್ನಿ. 2020ರ ಸೆಪ್ಟೆಂಬರಿನಲ್ಲಿ ಕ್ರೀಕ್ ಫೈರ್ ಎದ್ದಾಗ ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಅರಣ್ಯಗಳನ್ನೆಲ್ಲ ಕೆಲಕಾಲ ಮುಚ್ಚಿದ್ದರು. ಮೊದಲೇ ನಕ್ಷೆಯಲ್ಲಿ ಪೂರ್ವಕ್ಕೆ ಇಳಿಯುವ ದಾರಿಗಳನ್ನು ಗುರುತು ಮಾಡಿಟ್ಟುಕೊಳ್ಳಿ: ಬಿಷಪ್ ಪಾಸ್, ಕಿಯರ್‌ಸಾರ್ಜ್ ಪಾಸ್. ಕೆಳಗೆ 395ನೇ ಹೆದ್ದಾರಿಯಲ್ಲಿ ಬಸ್ಸಿದೆ.

ವಿಟ್ನಿ ತುದೀಲಿ ಸೂರ್ಯೋದಯ ನೋಡೋಕೆ ಟೆಂಟು ಎಲ್ಲಿ ಹಾಕೋದು?

ಪಶ್ಚಿಮದ ಬುಡದಲ್ಲಿರುವ ಗಿಟಾರ್ ಕೆರೆ ಹತ್ತಿರ, ಸುಮಾರು 3,500 ಮೀಟರಿನಲ್ಲಿ. ಮರವಿಲ್ಲ, ಗಾಳಿ ಇದೆ. ಕಲ್ಲು ಕಟ್ಟುವ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಜೆ ಏಳಕ್ಕೇ ಮಲಗಿ ರಾತ್ರಿ ಒಂದೂವರೆಗೆ ಹೊರಡಿ. ಟೆಂಟು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು, ಏಕೆಂದರೆ ವಾಪಸ್ ಈ ಕಡೆ ಬರುವುದಿಲ್ಲ. ತುದಿಗೆ ಕವಲೊಡೆಯುವ ಜಾಗದಲ್ಲಿ ಎಲ್ಲರೂ ಚೀಲ ಇಳಿಸಿ ಖಾಲಿ ಬೆನ್ನಲ್ಲಿ ಹತ್ತುತ್ತಾರೆ. ಕ್ವಿಲ್ಟು ಮಾತ್ರ ಬಿಡಬೇಡಿ. ತುದಿಯಲ್ಲಿ ಅದನ್ನು ಹೊದ್ದು ಕೂತವರೇ ಬಿಸಿಲು ಬರುವ ತನಕ ಉಳಿಯುತ್ತಾರೆ, ಉಳಿದವರು ನಡುಗುತ್ತಾ ಇಳಿದುಬಿಡುತ್ತಾರೆ.

ತುದಿಯಲ್ಲಿ ಒಂದು ಕಲ್ಲುಮನೆ ಇದೆ. 1909ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯವರು ಆಕಾಶದ ಅಧ್ಯಯನಕ್ಕೆ ಕಟ್ಟಿಸಿದ್ದು. ಸಿಡಿಲು ಬಂದಾಗ ಅದರೊಳಗೆ ಓಡಬೇಡಿ, ಅದು ಸಿಡಿಲಿನಿಂದ ಕಾಪಾಡುವುದಿಲ್ಲ. ಮೋಡ ಕಟ್ಟಿದರೆ ಇಳಿಯುವುದೊಂದೇ ದಾರಿ. ಈ ಬೆಟ್ಟದ ಸುತ್ತ ಮಲವನ್ನೂ ಚೀಲದಲ್ಲಿ ಕಟ್ಟಿ ಹೊತ್ತು ತರಬೇಕು. ಅದಕ್ಕೆ ಬೇರೆ ಚೀಲ ಕೊಡುತ್ತಾರೆ, ಊಟದ ಡಬ್ಬಿ ಪಕ್ಕ ಇಡಬೇಡಿ.

ವಿಟ್ನಿ ಪೋರ್ಟಲ್‌ನಿಂದ ಲೋನ್ ಪೈನ್ ಊರಿಗೆ ಸುಮಾರು 21 ಕಿ.ಮೀ. ಬಸ್ಸಿಲ್ಲ. ಪಾರ್ಕಿಂಗ್ ಜಾಗದಲ್ಲಿ ನಿಂತು ಕೇಳಿ, ಯಾರಾದರೂ ಹತ್ತಿಸಿಕೊಳ್ಳುತ್ತಾರೆ. ಕಿಟಕಿ ಮಾತ್ರ ತೆರೆದೇ ಇಟ್ಟಿರುತ್ತಾರೆ.